ಗೊರೂರರ ಹೊಳೆ, ನಮ್ಮ ಮನೆಯ ನಲ್ಲಿ

ನನ್ನ ತರಗತಿಯಲ್ಲಿ ಕುಳಿತು ಕನ್ನಡ ಓದಿದವರಿಗೆ ಗೊರೂರು ರಾಮಸ್ವಾಮಿ ಅಯ್ಯಂಗಾರರ ಹೆಸರು ಹೊಸದಲ್ಲ. ಪಠ್ಯಪುಸ್ತಕದಲ್ಲಿ ಅವರ ಲೇಖನವಿದ್ದ ವರ್ಷವೂ ಸರಿ, ಇಲ್ಲದ ವರ್ಷವೂ ಸರಿ, ಶನಿವಾರದ ಕೊನೆಯ ಅವಧಿಯಲ್ಲಿ ಅವರ ಪುಸ್ತಕವೊಂದನ್ನು ತೆರೆದು ಓದುವುದು ನನ್ನ ಪರಿಪಾಠವಾಗಿತ್ತು. ನೀವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಿರಿ. ಆ ನಗೆಯ ಹಿಂದೆ ಒಂದು ಹೊಳೆ ಹರಿಯುತ್ತಿತ್ತೆಂಬುದನ್ನು ವಿವರಿಸಿ ಹೇಳಲು ಗಂಟೆ ಬಾರಿಸುವ ಮುನ್ನ ವ್ಯವಧಾನವಿರುತ್ತಿರಲಿಲ್ಲ. ಆ ಮಾತನ್ನು ಈಗ ಹೇಳಬೇಕೆನಿಸಿದೆ.

ಗೊರೂರರದು ಜನರೊಡನೆ ಬೆರೆತು ಬಾಳಿದ ಜೀವ. ಹೊಳೆಯ ಮೋಹ ಅವರಿಗೆ ಹುಟ್ಟೂರಿನಿಂದ ಬಂದದ್ದು. ಈ ಎರಡು ಗುಣಗಳಿಗೂ ಬೇರು ಒಂದೇ ಎಂಬುದು ನನ್ನ ತಿಳಿವಳಿಕೆ. ಇನ್ನೊಂದು ಸಂಗತಿಯೂ ಉಂಟು. ಅವರ ಆ ಹೊಳೆ ಈಗ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ನಮ್ಮ ಮನೆಯ ನಲ್ಲಿಯವರೆಗೂ ಬಂದಿದೆ. ಬಂದ ಅತಿಥಿಯನ್ನು ನಾವು ಹೇಗೆ ನಡೆಸಿಕೊಳ್ಳುತ್ತಿದ್ದೇವೆ ಎಂಬುದನ್ನು ಕೊನೆಯಲ್ಲಿ ನೋಡೋಣ.

ಗೊರೂರು ಹಾಸನ ಜಿಲ್ಲೆಯಲ್ಲಿ ಹೇಮಾವತಿಯ ದಡದ ಮೇಲಿರುವ ಊರು. ರಾಮಸ್ವಾಮಿ ಅಯ್ಯಂಗಾರರು ಅಲ್ಲಿ ಹುಟ್ಟಿದ್ದು 1904ರ ಜುಲೈ 4ರಂದು. ಮಲೆನಾಡಿನಲ್ಲಿ ಮುಂಗಾರು ಹಿಡಿದು ಹೊಳೆಯ ನೀರು ಕೆಂಪೇರುವ ಕಾಲವದು. ಹೇಮಾವತಿ ಚಿಕ್ಕಮಗಳೂರು ಜಿಲ್ಲೆಯ ಬಲ್ಲಾಳರಾಯನ ದುರ್ಗದ ಸೀಮೆಯಲ್ಲಿ ಹುಟ್ಟಿ, ಸಕಲೇಶಪುರವನ್ನು ಹಾದು, ಬೇಲೂರಿನ ಕಡೆಯಿಂದ ಬರುವ ಯಗಚಿಯನ್ನು ಗೊರೂರಿನ ಸಮೀಪದಲ್ಲಿ ಕೂಡಿಕೊಂಡು, ಹೊಳೆನರಸೀಪುರದ ಮಗ್ಗುಲಲ್ಲಿ ಹರಿದು, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಒಟ್ಟು ಹರಿವು ಸುಮಾರು 245 ಕಿಲೋಮೀಟರ್. ಭೂಪಟದಲ್ಲಿ ಇದು ಒಂದು ಉಪನದಿ. ದಡದಲ್ಲಿ ಬೆಳೆದವರಿಗೆ ಅದು ಕೇವಲ ‘ಹೊಳೆ’. ಬೇರೆ ಹೆಸರು ಬೇಕಾಗುತ್ತಿರಲಿಲ್ಲ.

ನಾನೂ ಇದೇ ಹೊಳೆಯ ದಡದಲ್ಲಿ, ಗೊರೂರಿಗಿಂತ ಕೆಳಗೆ, ಹೊಳೆನರಸೀಪುರದ ಆಸುಪಾಸಿನ ಹಳ್ಳಿಯೊಂದರಲ್ಲಿ ಬಾಲ್ಯವನ್ನು ಕಳೆದವನು. ಆದ್ದರಿಂದ ಅವರ ಬರೆಹದಲ್ಲಿ ಬರುವ ಬದುಕನ್ನು ನಾನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ನಸುಕಿನಲ್ಲಿ ದೇವಸ್ಥಾನದ ಅರ್ಚಕರು ಮೊದಲು ನೀರಿಗಿಳಿಯುವರು. ಹಿಂದೆಯೇ ಬಿಂದಿಗೆ ಹಿಡಿದ ಹೆಂಗಸರು. ಹೊತ್ತೇರಿದ ಮೇಲೆ ಅಗಸರ ಬಂಡೆಗಳ ಮೇಲೆ ಬಟ್ಟೆ ಒಗೆಯುವ ಸದ್ದು. ಇಳಿಹೊತ್ತಿನಲ್ಲಿ ದನಗಳ ಮೈತೊಳೆಯುವ ಹುಡುಗರು. ಆಚೆ ದಡಕ್ಕೆ ಹೋಗಬೇಕಾದವರನ್ನು ಬೆಸ್ತರು ಹರಿಗೋಲಿನಲ್ಲಿ ದಾಟಿಸುವರು. ಬಿದಿರಿನಿಂದ ಹೆಣೆದ ಆ ದುಂಡು ದೋಣಿ ಸುಳಿ ಸಿಕ್ಕಲ್ಲಿ ಬುಗುರಿಯಂತೆ ತಿರುಗುತ್ತಿದ್ದರೆ ಒಳಗಿದ್ದವರು ದೇವರ ಹೆಸರನ್ನೂ ಬೆಸ್ತನ ಹೆಸರನ್ನೂ ಒಟ್ಟಿಗೇ ಕೂಗುತ್ತಿದ್ದರು.

ಒಣಗಿದ ಸೋರೆ ಬುರುಡೆಯನ್ನು ಬೆನ್ನಿಗೆ ಕಟ್ಟಿಕೊಂಡು ನಾವು ಈಜು ಕಲಿತೆವು. ಕಲಿಸಿದವರು ನಮಗಿಂತ ಎರಡು ವರ್ಷಕ್ಕೆ ದೊಡ್ಡ ಹುಡುಗರು. ಒಬ್ಬನೇ ಹೋಗಿ ಈಜಿದನೆಂದು ತಿಳಿದರೆ ಮನೆಯಲ್ಲಿ ಬೆನ್ನಿನ ಮೇಲೆ ಬಾಸುಂಡೆ. ಗುಂಪಿನಲ್ಲಿ ಹೋದರೆ ಹೊತ್ತು ಮುಳುಗುವವರೆಗೆ ಯಾರೂ ಕೇಳುತ್ತಿರಲಿಲ್ಲ. ನೀರಿನ ಸುಖವೆಂಬುದು ಜೊತೆಗಾರರಿದ್ದಾಗ ಮಾತ್ರ ಸಲ್ಲತಕ್ಕದ್ದು ಎಂಬ ಅಲಿಖಿತ ಕಾನೂನು ಅದು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಎತ್ತು ಸತ್ತಿತು, ಘಟ್ಟದ ಮೇಲೆ ಮಳೆ ಹೇಗಿದೆ, ಎಲ್ಲವೂ ಹೊಳೆದಂಡೆಯಲ್ಲಿ ತಿಳಿಯುತ್ತಿತ್ತು. ಪತ್ರಿಕೆ ಬಾರದ ಊರಿಗೆ ಹೊಳೆದಂಡೆಯೇ ಪತ್ರಿಕೆ.

ಈ ಚಿತ್ರಕ್ಕೆ ಹೆಚ್ಚು ಬಣ್ಣ ಹಚ್ಚಬಾರದು. ಹೊಳೆ ಎಲ್ಲರದಾಗಿದ್ದರೂ ಸ್ನಾನಘಟ್ಟಗಳು ಎಲ್ಲರವಾಗಿರಲಿಲ್ಲ. ಮೇಲ್ಜಾತಿಯವರು ಇಳಿಯುವ ಜಾಗ ಹರಿವಿನ ಮೇಲ್ಗಡೆ. ಉಳಿದವರದು ಅದರ ಕೆಳಗೆ. ಊರ ಹೊರಗೆ ಇರಿಸಲ್ಪಟ್ಟವರದು ಅದಕ್ಕೂ ಕೆಳಗೆ. ನೀರು ಹರಿಯುವ ದಿಕ್ಕನ್ನೇ ನಮ್ಮ ಹಿರಿಯರು ಅಂತಸ್ತಿನ ಅಳತೆಗೋಲಾಗಿ ಮಾಡಿಕೊಂಡಿದ್ದರು. ಮೇಲಿನವನು ತೊಳೆದ ಕೊಳೆ ಕೆಳಗಿನವನ ಪಾಲು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಗೊರೂರರು ಹುಡುಗರಾಗಿದ್ದಾಗಲೇ ಶಾಲೆಯನ್ನು ಬಿಟ್ಟು ಹೊರಬಂದರು. ಗಾಂಧೀಜಿ 1920ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿಸಿದ ಗುಜರಾತ್ ವಿದ್ಯಾಪೀಠಕ್ಕೆ ಹೋಗಿ ಓದಿದರು. ಹೇಮಾವತಿಯ ದಡದ ಹುಡುಗ ಸಾಬರಮತಿಯ ದಡಕ್ಕೆ ಹೋದಂತಾಯಿತು. ಹಿಂದಿರುಗಿದ ಮೇಲೆ ಖಾದಿ, ಗ್ರಾಮಸೇವೆ, ಸ್ವಾತಂತ್ರ್ಯ ಹೋರಾಟ ಇವೇ ಅವರ ಬದುಕಾದವು. ಗಾಂಧೀಜಿಯವರ ಆತ್ಮಕಥೆಯನ್ನು ಕನ್ನಡಕ್ಕೆ ತಂದವರು ಅವರೇ. ಮುಂದೆ ವಿಧಾನ ಪರಿಷತ್ತಿನ ಸದಸ್ಯರಾದರು. 1982ರಲ್ಲಿ ಶಿರಸಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಇಷ್ಟನ್ನು ಕೇಳಿದರೆ ಗಂಭೀರ ಮುಖದ ದೇಶಭಕ್ತರೊಬ್ಬರ ಚಿತ್ರ ಕಣ್ಣಿಗೆ ಬರುತ್ತದೆ. ಆದರೆ ಅವರ ಪುಸ್ತಕವನ್ನು ತೆರೆದರೆ ಸಿಗುವವರು ಬೇರೆ. ಜಗಲಿಯ ಮೇಲೆ ಕುಳಿತು ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಮಾತನಾಡಿಸುವ ಗೃಹಸ್ಥರು.

1930ರಲ್ಲಿ ಬಂದ ‘ಹಳ್ಳಿಯ ಚಿತ್ರಗಳು’ ಅವರಿಗೆ ಹೆಸರು ತಂದಿತು. 1932ರಲ್ಲಿ ‘ನಮ್ಮ ಊರಿನ ರಸಿಕರು’ ಬಂದಿತು. ಮುಂದಿನ ಬರೆಹಗಳ ಶೀರ್ಷಿಕೆಗಳನ್ನು ಒಂದು ಸಾಲಿನಲ್ಲಿ ನಿಲ್ಲಿಸಿ ನೋಡಿ: ‘ಬೆಸ್ತರ ಕರಿಯ’, ‘ಗರುಡಗಂಬದ ದಾಸಯ್ಯ’, ‘ಕಮ್ಮಾರ ವೀರಭದ್ರಾಚಾರಿ’, ‘ಭೂತಯ್ಯನ ಮಗ ಅಯ್ಯು’. ಎಲ್ಲವೂ ಮನುಷ್ಯರ ಹೆಸರು. ಅದೂ ಊರಿನಲ್ಲಿ ಕೂಗಿ ಕರೆಯುವ ರೀತಿಯಲ್ಲಿಯೇ, ಕಸುಬಿನೊಡನೆ, ತಂದೆಯ ಹೆಸರಿನೊಡನೆ. ಪರಿವಿಡಿಯನ್ನು ಓದುತ್ತಿದ್ದರೆ ಊರ ಬೀದಿಯಲ್ಲಿ ನಡೆದುಹೋದಂತೆ ಆಗುತ್ತದೆ. ಅವರ ಕಾದಂಬರಿಯೊಂದರ ಹೆಸರು ‘ಹೇಮಾವತಿ’. ಹೊಳೆಯ ಹೆಸರೂ ಆ ಮನುಷ್ಯರ ಸಾಲಿನಲ್ಲಿಯೇ ಬಂದು ಕುಳಿತಿದೆ.

‘ರಸಿಕ’ ಎಂಬ ಶಬ್ದವನ್ನು ಅವರು ಬಳಸಿದ ಬಗೆಯೂ ವಿಚಾರಯೋಗ್ಯ. ಪಂಡಿತರ ಬಾಯಲ್ಲಿ ರಸಿಕನೆಂದರೆ ಕಾವ್ಯವನ್ನೋ ಸಂಗೀತವನ್ನೋ ಬಲ್ಲವನು. ಗೊರೂರರು ಆ ಪಟ್ಟವನ್ನು ಹಳ್ಳಿಯ ಸಾಮಾನ್ಯರಿಗೆ ಕಟ್ಟಿದರು. ಈಗಿನ ಅರ್ಜಿ ನಮೂನೆಗಳಲ್ಲಿ ‘ಹವ್ಯಾಸಗಳು’ ಎಂದೊಂದು ಖಾಲಿ ಜಾಗವಿರುತ್ತದೆ. ಅಲ್ಲಿ ಓದು, ಸಂಗೀತ, ಈಜು ಎಂದು ತುಂಬುತ್ತೇವೆ. ಒಬ್ಬೊಬ್ಬರ ಹವ್ಯಾಸ ಅವರವರ ಸ್ವಂತ ಆಸ್ತಿ. ಹೊಳೆದಂಡೆಯ ಊರುಗಳಲ್ಲಿ ಹಾಗಿರಲಿಲ್ಲ. ಭಜನೆಯಾಗಲಿ, ಈಜಾಗಲಿ, ಹರಟೆಯಾಗಲಿ, ನಾಲ್ಕು ಜನ ಸೇರದೆ ಅದಕ್ಕೆ ರುಚಿಯಿಲ್ಲ. ಗೊರೂರರ ಹವ್ಯಾಸ ಯಾವುದೆಂದು ನನ್ನನ್ನು ಕೇಳಿದರೆ ‘ಜನ’ ಎಂದು ಹೇಳಿಯೇನು. ನೀರು ಆ ಜನರನ್ನು ಸೇರಿಸುತ್ತಿದ್ದ ಜಾಗ. ಅವರ ಹೊಳೆಯ ಪ್ರೀತಿಯನ್ನು ಬರಿಯ ಪ್ರಕೃತಿವರ್ಣನೆಯೆಂದು ಓದಿದರೆ ಅರ್ಧ ಮಾತ್ರ ಓದಿದಂತೆ.

ಹೊಳೆಗೆ ಇನ್ನೊಂದು ಮುಖವೂ ಇತ್ತು. ಅವರ ‘ಭೂತಯ್ಯನ ಮಗ ಅಯ್ಯು’ ಕಥೆಯನ್ನು ಸಿದ್ಧಲಿಂಗಯ್ಯನವರು 1974ರಲ್ಲಿ ಚಲನಚಿತ್ರವಾಗಿ ಮಾಡಿದರು. ಲೋಕೇಶ್, ವಿಷ್ಣುವರ್ಧನ್ ಅಭಿನಯಿಸಿದ ಆ ಚಿತ್ರವನ್ನು ನೋಡಿದವರು ಅದರ ನೆರೆಯ ದೃಶ್ಯವನ್ನು ಮರೆಯಲಾರರು. ದ್ವೇಷ ಎಷ್ಟೇ ಹಳೆಯದಾದರೂ ಹೊಳೆ ಉಕ್ಕಿ ಬಂದ ರಾತ್ರಿ ನೆರೆಯವನೇ ಆಸರೆ. ‘ನೆರೆ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಪ್ರವಾಹವೆಂದೂ ಅರ್ಥ, ಪಕ್ಕದ ಮನೆಯೆಂದೂ ಅರ್ಥ. ಹೊಳೆದಂಡೆಯ ಜನಕ್ಕೆ ಎರಡೂ ಒಟ್ಟಿಗೇ ನೆನಪಾಗುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಆಮೇಲೆ ಹೊಳೆಗೆ ಅಣೆಕಟ್ಟು ಬಂದಿತು. ಗೊರೂರಿನ ಬಳಿಯೇ ಕಟ್ಟಿದ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ತುಂಬಿದಾಗ ಅದರ ಮಟ್ಟ 2,922 ಅಡಿ, ಸಂಗ್ರಹ 37.10 ಟಿಎಂಸಿ. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗಳಿಗೆ ಕಾಲುವೆಯ ನೀರು ಹರಿಯಿತು. ತುಮಕೂರಿನ ಕಡೆಯ ನಮ್ಮ ಬಂಧುಗಳು ಅದರಿಂದ ಅನ್ನ ಕಂಡವರು; ಅಣೆಕಟ್ಟನ್ನು ನಿಂದಿಸುವ ಮಾತು ನನ್ನ ಬಾಯಲ್ಲಿ ಬರದು. ಹಾಗೆಯೇ ಮುಳುಗಿದ ಊರುಗಳನ್ನು ಮರೆಯುವುದೂ ನ್ಯಾಯವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಶೆಟ್ಟಿಹಳ್ಳಿಯಲ್ಲಿ ಕಟ್ಟಿಸಿದ ಚರ್ಚು ಹಿನ್ನೀರಿಗೆ ಸಿಕ್ಕಿ ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಮತ್ತೆ ಮೇಲೆದ್ದು ನಿಲ್ಲುತ್ತದೆ. ಈಗ ಪ್ರವಾಸಿಗರು ಅಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಗೋಡೆಗಳ ಸುತ್ತ ಒಂದು ಊರೂ ಇತ್ತು, ಆ ಊರಿಗೂ ಒಂದು ಹೊಳೆದಂಡೆಯ ಬದುಕಿತ್ತು ಎಂಬುದು ಫೋಟೋದಲ್ಲಿ ಕಾಣುವುದಿಲ್ಲ.

ಅದೇ 1979ರಲ್ಲಿ ‘ಅಮೆರಿಕದಲ್ಲಿ ಗೊರೂರು’ ಪ್ರಕಟವಾಯಿತು. ಮರುವರ್ಷ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಎಪ್ಪತ್ತು ದಾಟಿದ ಮೇಲೆ ಅಷ್ಟು ದೂರ ಹೋಗಿ ಬಂದು ಬರೆದ ಪುಸ್ತಕ. ಅದರ ಹೆಸರನ್ನು ನೋಡಿ. ‘ನಾನು ಕಂಡ ಅಮೆರಿಕ’ ಎಂದು ಇಟ್ಟಿದ್ದರೆ ಒಬ್ಬ ಪ್ರವಾಸಿಯ ಪುಸ್ತಕವಾಗುತ್ತಿತ್ತು. ‘ಅಮೆರಿಕದಲ್ಲಿ ಗೊರೂರು’ ಎಂದಾಗ ಹೋದದ್ದು ಲೇಖಕರೋ, ಊರೋ? ಎರಡಕ್ಕೂ ಹೆಸರು ಒಂದೇ. ಇಡೀ ಊರನ್ನೇ ಜೊತೆಗೆ ಕರೆದುಕೊಂಡು ಹೋದಂತೆ. ಹಳ್ಳಿಯ ಹೊಳೆಗೆ ಕಟ್ಟೆ ಬಿದ್ದ ವರ್ಷವೇ ಆ ಊರು ಸಮುದ್ರ ದಾಟಿದ ಪುಸ್ತಕ ಹೊರಬಂದದ್ದು ಕಾಲದ ವಿನೋದವೆನ್ನಬೇಕು. ಗೊರೂರರು 1991ರ ಸೆಪ್ಟೆಂಬರ್ 28ರಂದು ತೀರಿಕೊಂಡರು.

ಇನ್ನು ನಮ್ಮ ಬಡಾವಣೆಗಳ ಕಥೆ. ಬೆಂಗಳೂರು ಬಹುಕಾಲ ಕೆರೆಬಾವಿಗಳ ನೀರು ಕುಡಿದ ಊರು. 1890ರ ದಶಕದಲ್ಲಿ ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಕೊಳವೆಯ ನೀರು ಬಂದಿತು. ಅದು ಸಾಲದೆ 1933ರಲ್ಲಿ ಅರ್ಕಾವತಿ, ಕುಮುದ್ವತಿಗಳು ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯವಾಯಿತು. 1949ರಲ್ಲಿ ರಾಜಾಜಿನಗರಕ್ಕೆ ಅಡಿಗಲ್ಲು ಬಿದ್ದ ಮೇಲೆ ಪಶ್ಚಿಮ ಭಾಗದಲ್ಲಿ ಒಂದರ ಹಿಂದೆ ಒಂದು ಬಡಾವಣೆ ಎದ್ದಿತು. 1960ರ ದಶಕದಲ್ಲಿ ನಾನು ಇಲ್ಲಿಗೆ ಬಂದಾಗ ನಮ್ಮ ವಠಾರದ ಏಳು ಸಂಸಾರಗಳಿಗೆ ಬೀದಿಯ ನಲ್ಲಿಯೇ ಗತಿ. ಬೆಳಗಿನ ಜಾವ ಬಿಂದಿಗೆಗಳ ಸಾಲು. ಆ ಸಾಲಿನಲ್ಲಿ ಜಗಳ, ಜಗಳದ ಹಿಂದೆ ಸ್ನೇಹ. ನನ್ನ ಮನೆಯಾಕೆ ಈ ಊರಿನಲ್ಲಿ ಸಂಪಾದಿಸಿದ ಗೆಳತಿಯರೆಲ್ಲ ಆ ನಲ್ಲಿಯ ಕಟ್ಟೆಯವರು. ಹೊಳೆದಂಡೆ ಚಿಕ್ಕದಾಗಿ ಬೀದಿಗೆ ಬಂದು ನಿಂತಿತ್ತು ಎನ್ನಬಹುದು. ನೀರಿಗಾಗಿ ಗಂಟೆಗಟ್ಟಲೆ ನಿಂತ ಆ ಹೆಂಗಸರ ಸೊಂಟನೋವನ್ನು ಬಲ್ಲೆನಾದ್ದರಿಂದ ಆ ಕಾಲವೇ ಚೆನ್ನಾಗಿತ್ತು ಎಂದು ಹೇಳಲಾರೆ.

1974ರಲ್ಲಿ ಕಾವೇರಿಯ ಮೊದಲನೆಯ ಹಂತದ ನೀರು ಬೆಂಗಳೂರಿಗೆ ಬಂದಿತು. ‘ಭೂತಯ್ಯನ ಮಗ ಅಯ್ಯು’ ಚಿತ್ರ ತೆರೆ ಕಂಡ ವರ್ಷವೂ ಅದೇ. ಶಿವನಸಮುದ್ರದ ಮೇಲ್ಭಾಗದಲ್ಲಿ ನದಿಯಿಂದ ತಿರುಗಿಸಿಕೊಂಡ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡು, ಹಾರೋಹಳ್ಳಿ, ತಾತಗುಣಿಗಳ ಪಂಪುಮನೆಗಳನ್ನು ದಾಟಿ, ಸುಮಾರು 100 ಕಿಲೋಮೀಟರ್ ದೂರ, 500 ಮೀಟರಿಗೂ ಹೆಚ್ಚಿನ ಎತ್ತರಕ್ಕೆ ಏರಿ ನಗರವನ್ನು ಸೇರುತ್ತದೆ. ಒಂದೊಂದೇ ಹಂತ ಬೆಳೆದು, 2024ರ ಅಕ್ಟೋಬರಿನಲ್ಲಿ ಐದನೆಯ ಹಂತಕ್ಕೆ ಚಾಲನೆ ದೊರೆಯಿತು, ದಿನಕ್ಕೆ 77.5 ಕೋಟಿ ಲೀಟರು ಅದರ ಸಾಮರ್ಥ್ಯ. ನಾವು ಇದನ್ನು ಕಾವೇರಿ ನೀರು ಎನ್ನುತ್ತೇವೆ. ಆದರೆ ಕೃಷ್ಣರಾಜಸಾಗರದಲ್ಲಿ ಹೇಮಾವತಿಯೂ ಲಕ್ಷ್ಮಣತೀರ್ಥವೂ ಅದರೊಳಗೆ ಬೆರೆತಿರುತ್ತವೆ. ಬಸವೇಶ್ವರನಗರದ ಅಡುಗೆಮನೆಯ ಒಂದು ಲೋಟ ನೀರಿನಲ್ಲಿ ಗೊರೂರಿನ ಮೆಟ್ಟಿಲುಗಳನ್ನು ಸವರಿ ಬಂದ ಹನಿ ಇದ್ದೇ ಇರುತ್ತದೆ. ಮನೆಮನೆಗೆ ಸಂಪು, ಮನೆಮನೆಗೆ ತೊಟ್ಟಿ ಬಂದ ಮೇಲೆ ನೀರಿನ ಸುತ್ತ ಸೇರುವ ಸಂದರ್ಭ ಮಾತ್ರ ನಮಗೆ ಉಳಿದಿಲ್ಲ. ಈಗ ನೀರಿನ ಮಾತು ಬರುವುದು ನೀರು ಬಾರದ ದಿನ.

ಬಂದ ನೀರು ಎಲ್ಲಿಗೆ ಹೋಗುತ್ತದೆ? ಬೆಂಗಳೂರಿನ ನೆಲ ಒಂದು ಬೆನ್ನಿನಂತೆ ಉಬ್ಬಿದೆ. ಪೂರ್ವದ ಇಳಿಜಾರು ದಕ್ಷಿಣ ಪಿನಾಕಿನಿಯ ಕಡೆಗೆ. ಪಶ್ಚಿಮದ ನಮ್ಮ ಇಳಿಜಾರು ವೃಷಭಾವತಿಯ ಕಡೆಗೆ. ಅಂದರೆ ನಾವು ಕಾವೇರಿ ಕೊಳ್ಳದೊಳಗಿನ ಜನ. ನಗರದ ಮೂರನೆಯ ಒಂದು ಭಾಗ ಮಾತ್ರ ಕೊಳ್ಳದಲ್ಲಿದೆಯೆಂಬ ಕಾರಣದಿಂದ ಕಾವೇರಿ ನ್ಯಾಯಮಂಡಳಿಯು 2007ರ ತೀರ್ಪಿನಲ್ಲಿ ಬೆಂಗಳೂರಿನ ಕುಡಿಯುವ ನೀರಿನ ಲೆಕ್ಕವನ್ನು ಕುಗ್ಗಿಸಿತ್ತು. ಸುಪ್ರೀಂ ಕೋರ್ಟು 2018ರ ಫೆಬ್ರುವರಿಯಲ್ಲಿ ಆ ವಾದವನ್ನು ಒಪ್ಪದೆ ಬೆಂಗಳೂರಿಗಾಗಿ 4.75 ಟಿಎಂಸಿ ಹೆಚ್ಚಿಸಿತು. ನಮ್ಮ ಬಾಯಾರಿಕೆಗೆ ದೇಶದ ಅತ್ಯುನ್ನತ ನ್ಯಾಯಾಲಯ ಮನ್ನಣೆ ನೀಡಿತು. ಸಂತೋಷ. ಮನ್ನಣೆಯೊಡನೆ ಹೊಣೆಯೂ ಬರುತ್ತದೆ.

ವೃಷಭಾವತಿ ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತೆಂಬುದು ನಂಬಿಕೆ. ಹೆಸರೂ ಅಲ್ಲಿಂದಲೇ ಬಂದದ್ದು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ ಇದರ ದಡದಲ್ಲಿದೆ. ಹಿಂದಿನವರು ಸ್ನಾನ ಮಾಡಿ ದೇವರ ದರ್ಶನಕ್ಕೆ ಹೋಗುತ್ತಿದ್ದ ಹೊಳೆಯಿದು. ಶಾಲೆಯ ಪ್ರವಾಸದ ಬಸ್ಸು ನಾಯಂಡಹಳ್ಳಿಯನ್ನು ದಾಟುವಾಗ ನೀವೆಲ್ಲ ಒಟ್ಟಿಗೇ ಮೂಗು ಮುಚ್ಚಿಕೊಳ್ಳುತ್ತಿದ್ದುದು ನನಗೆ ನೆನಪಿದೆ. ಇದೊಂದು ನದಿ, ಇದಕ್ಕೆ ವೃಷಭಾವತಿ ಎಂದು ಹೆಸರು ಎಂದಾಗ ಹಿಂದಿನ ಸೀಟಿನ ಹುಡುಗನೊಬ್ಬ, “ಸಾರ್, ಮೋರಿಗೂ ಹೆಸರಿಡುತ್ತಾರೆಯೇ?” ಎಂದು ಕೇಳಿದ್ದ. ಬಸ್ಸೆಲ್ಲ ನಕ್ಕಿತು. ಅವನ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ.

ನಮ್ಮ ಮನೆಗಳ ಒಳಚರಂಡಿಯೂ ಕಾರ್ಖಾನೆಗಳ ಕೊಳೆಯೂ ಸೇರಿ ಆ ನದಿ ಕೆಂಗೇರಿಯನ್ನು ದಾಟುತ್ತದೆ. ಶುದ್ಧೀಕರಣ ಘಟಕಗಳು ಇವೆ. ಅವನ್ನು ತಪ್ಪಿಸಿ ಹರಿಯುವ ಕೊಳೆಯೂ ಇದೆ. ಬಿಡದಿಯ ಸಮೀಪದ ಬೈರಮಂಗಲ ಕೆರೆಗೆ ಬಂದಾಗ ನೀರು ನೊರೆಗಟ್ಟಿರುತ್ತದೆ. ಅಲ್ಲಿಯ ರೈತ ಅದೇ ನೀರನ್ನು ಹೊಲಕ್ಕೆ ಹಾಯಿಸಿಕೊಳ್ಳಬೇಕು. ಅಲ್ಲಿಂದ ಮುಂದೆ ಕನಕಪುರದ ಕಡೆಗೆ ಹರಿದು ಅರ್ಕಾವತಿಯನ್ನು ಕೂಡಿ, ಮೇಕೆದಾಟಿನ ಮೇಲಿನ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಹೇಮಾವತಿಯಾಗಿ ಬಂದವಳು ನಮ್ಮ ಮನೆಯಿಂದ ವೃಷಭಾವತಿಯಾಗಿ ಹೊರಟು ಮತ್ತೆ ತಾಯಿಯ ಮಡಿಲಿಗೆ ಬೀಳುತ್ತಾಳೆ. ನಮ್ಮ ಕುಡಿಯುವ ನೀರನ್ನು ಎತ್ತುವ ಜಾಗ ಆ ಸಂಗಮಕ್ಕಿಂತ ಮೇಲಿದೆ. ಆದ್ದರಿಂದ ನಮ್ಮ ಕೊಳೆ ನಮಗೆ ಹಿಂದಿರುಗುವುದಿಲ್ಲ.

ನೆನಪಿನಲ್ಲಿಡಿ ಎಂದು ಹೇಳಿದ್ದ ಮಾತು ಇಲ್ಲಿಗೆ ಬೇಕಾಗಿತ್ತು. ಮೇಲಿನ ಘಟ್ಟದವರು ತೊಳೆದ ಕೊಳೆ ಕೆಳಗಿನ ಘಟ್ಟದವರ ಪಾಲಾಗುತ್ತಿದ್ದ ಆ ಹಳೆಯ ಹಳ್ಳಿಯನ್ನು ನಾವು ಬಿಟ್ಟು ಬಂದೆವೆಂದುಕೊಂಡಿದ್ದೇವೆ. ಊರಿನ ಒಂದು ಹೊಳೆದಂಡೆಯಲ್ಲಿದ್ದ ಆ ಏರ್ಪಾಡು ಈಗ ಮೈಲಿಗಟ್ಟಲೆ ಉದ್ದಕ್ಕೆ ಬೆಳೆದಿದೆ. ಮೇಲಿನ ಘಟ್ಟ ನಮ್ಮ ಬಡಾವಣೆಗಳು; ಕೆಳಗಿನ ಘಟ್ಟ ಬೈರಮಂಗಲ. ಹಳ್ಳಿಯಲ್ಲಿ ಕನಿಷ್ಠ ಕೆಳಗಿನವನ ಮುಖವಾದರೂ ಕಾಣುತ್ತಿತ್ತು, ಹೆಸರಾದರೂ ಗೊತ್ತಿತ್ತು. ಬೈರಮಂಗಲದ ರೈತ ನಮಗೆ ಯಾರ ಮಗನೂ ಅಲ್ಲ, ಯಾವ ಕಸುಬಿನವನೂ ಅಲ್ಲ. ಗೊರೂರರ ಬರೆಹದ ಪ್ರಯೋಜನವೇನೆಂದು ನೀವು ಪರೀಕ್ಷೆಯಲ್ಲಿ ಉತ್ತರ ಬರೆದಿದ್ದಿರಿ. ಈಗ ನನ್ನ ಉತ್ತರವನ್ನು ಕೇಳಿ. ಹೊಳೆಯ ಇನ್ನೊಂದು ತುದಿಯಲ್ಲಿರುವವನಿಗೂ ಒಂದು ಹೆಸರಿದೆ ಎಂದು ತಿಳಿಸುವುದೇ ಅದರ ಪ್ರಯೋಜನ.

ಬಹುದೊಡ್ಡ ಕೆಲಸಗಳು ಸರ್ಕಾರದಿಂದ ಆಗಬೇಕಾದವು. ಅವಕ್ಕಾಗಿ ಕೇಳುತ್ತಲೇ ಇರಬೇಕು. ನಿಮ್ಮಲ್ಲಿ ಇಂಜಿನಿಯರುಗಳಿದ್ದೀರಿ, ಅಧಿಕಾರಿಗಳಿದ್ದೀರಿ, ಕಾರ್ಖಾನೆ ನಡೆಸುವವರೂ ಇದ್ದೀರಿ. ನಿಮ್ಮ ಅಂಗಳದಿಂದ ಹೊರಟ ನೀರು ಎಲ್ಲಿ ಸೇರುತ್ತದೆಂದು ಒಮ್ಮೆ ವಿಚಾರಿಸಿ. ಮಳೆನೀರು ಹಿಡಿಯುವ ತೊಟ್ಟಿ ಕಟ್ಟಿಸಿದ್ದರೆ ಅದು ನಿಜವಾಗಿ ತುಂಬುತ್ತಿದೆಯೇ ನೋಡಿ. ಮೊಮ್ಮಕ್ಕಳನ್ನು ಮೈಸೂರಿನ ಕಡೆಗೆ ಕರೆದೊಯ್ಯುವಾಗ ಕೆಂಗೇರಿಯ ಹತ್ತಿರ ಕಾರಿನ ಗಾಜು ಏರಿಸುವ ಮೊದಲು ಆ ನದಿಯ ಹೆಸರನ್ನು ಹೇಳಿಕೊಡಿ. ಶ್ರಾವಣದಲ್ಲಿ ಬಿಡುವಾದರೆ ಗೊರೂರಿಗೂ ಹೋಗಿ ಬನ್ನಿ. ಅಣೆಕಟ್ಟು ತುಂಬಿ ಬಾಗಿಲು ತೆರೆದ ದಿನವಾದರೆ ಇನ್ನೂ ಒಳ್ಳೆಯದು.

ನಮ್ಮ ಕಡೆ ಮನೆಗೆ ಬಂದವರನ್ನು ‘ಹೋಗಿ’ ಎಂದು ಕಳುಹಿಸುವ ಪದ್ಧತಿಯಿಲ್ಲ. ಕುಂಕುಮ ಕೊಟ್ಟು, ಎಲೆ ಅಡಿಕೆ ಕೊಟ್ಟು, ಬೀದಿಯ ತಿರುವಿನವರೆಗೆ ಜೊತೆಗೆ ನಡೆದು, ‘ಹೋಗಿ ಬನ್ನಿ’ ಎನ್ನುತ್ತೇವೆ. ನೂರು ಕಿಲೋಮೀಟರ್ ನಡೆದು, ಬೆಟ್ಟವನ್ನೇರಿ, ನಿತ್ಯವೂ ನಮ್ಮ ಮನೆಗೆ ಬರುತ್ತಿರುವ ಹೊಳೆಗೂ ಆ ಮಾತು ಸಲ್ಲಬೇಕು.